ಮಂಗಳವಾರದ ಮೈದಾನ

ಬ್ಲಡ್ ಬೌಲ್ ಆಟವನ್ನು ಲೀಗ್‌ನಲ್ಲಿ ಆಡದವರು ಅದರ ಅರ್ಧವನ್ನಷ್ಟೇ ಕಂಡಿದ್ದಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ನಾಟಿಂಗ್‌ಹ್ಯಾಮ್‌ನಲ್ಲಿ ನಾವು ಕೆಲವರು ಪ್ರತಿ ಮಂಗಳವಾರ ಸಂಜೆ ಒಂದು ಪಬ್ಬಿನ ಮಹಡಿಯ ಮೇಲೆ ಸೇರುತ್ತೇವೆ. ಪೆಟ್ಟಿಗೆಗಳ ಮುಚ್ಚಳ ತೆಗೆದು, ಬಣ್ಣ ಬಳಿದ ಪುಟ್ಟ ಗೊಂಬೆಗಳನ್ನು ಹುಷಾರಾಗಿ ಹೊರಗಿಡುತ್ತೇವೆ. ಮೊದಲು ಒಬ್ಬರ ಗೊಂಬೆಗಳನ್ನು ಇನ್ನೊಬ್ಬರು ನೋಡುವುದು, ಆಮೇಲೆ ಆಟ.

ಹಲಗೆಯ ಮೇಲೆ ಉದ್ದಕ್ಕೆ 26, ಅಗಲಕ್ಕೆ 15 ಮನೆಗಳು. ಒಂದೊಂದು ಕಡೆಗೆ ಹನ್ನೊಂದು ಆಟಗಾರರು: ಮನುಷ್ಯರು, ಓರ್ಕ್‌ಗಳು, ಎಲ್ಫ್‌ಗಳು, ಗಡ್ಡದ ಡ್ವಾರ್ಫ್‌ಗಳು, ಎರಡೇ ಕಾಲಲ್ಲಿ ಓಡುವ ಇಲಿಗಳು. ಚೆಂಡನ್ನು ಎದುರಾಳಿಯ ಕೊನೆಯ ಸಾಲಿಗೆ ಮುಟ್ಟಿಸಿ ಟಚ್‌ಡೌನ್ ಮಾಡಬೇಕು, ಅಡ್ಡ ಬಂದವರನ್ನು ಕೆಡವಬಹುದು. ಪ್ರತಿ ಅರ್ಧದಲ್ಲಿ ಒಬ್ಬೊಬ್ಬರಿಗೂ ಎಂಟು ಸರದಿ. ನಮ್ಮ ಸರದಿಯಲ್ಲಿ ನಮ್ಮವನೇ ಬಿದ್ದರೆ ಸರದಿ ಅಲ್ಲಿಗೇ ಮುಗಿಯಿತು. ಆದ್ದರಿಂದ ಅಪಾಯವಿಲ್ಲದ ನಡೆಗಳನ್ನು ಮೊದಲು ಮುಗಿಸಿ, ದಾಳ ಉರುಳಿಸಬೇಕಾದದ್ದನ್ನು ಕೊನೆಗೆ ಇಟ್ಟುಕೊಳ್ಳುವುದೇ ಈ ಆಟದ ಜಾಣತನ. ಈ ಆಟವನ್ನು ರೂಪಿಸಿದವರು ಜೆರ್ವಿಸ್ ಜಾನ್ಸನ್. ಈಗ ಇದೇ ಊರಿನಲ್ಲಿ ನೆಲೆಸಿರುವ ಗೇಮ್ಸ್ ವರ್ಕ್‌ಶಾಪ್ ಇದನ್ನು 1986ರಲ್ಲಿ ಹೊರತಂದಿತು.

ಲೀಗ್‌ನಲ್ಲಿ ಒಂದು ರಾತ್ರಿ ನಡೆದದ್ದು ಮರುವಾರಕ್ಕೂ ಉಳಿಯುತ್ತದೆ. ಚೆಂಡನ್ನು ಸರಿಯಾಗಿ ಎಸೆದು ಮುಟ್ಟಿಸಿದವನಿಗೆ 1 ಅಂಕ, ಎದುರಾಳಿಯನ್ನು ಆಟದಿಂದಾಚೆ ಕಳಿಸುವಂತೆ ಗಾಯಗೊಳಿಸಿದವನಿಗೆ 2, ಟಚ್‌ಡೌನ್ ಮಾಡಿದವನಿಗೆ 3. ಈ ಅಂಕಗಳನ್ನು ಕೂಡಿಟ್ಟು ಹೊಸ ವಿದ್ಯೆ ಕಲಿಸಬಹುದು. ಹಾಗೆಯೇ ಗಾಯವೂ ಉಳಿಯುತ್ತದೆ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಚೌಕಾಬಾರದಲ್ಲಿ ಕಡಿಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡುತ್ತದೆ. ಇಲ್ಲಿ ಸತ್ತವನು ಮರಳಿ ಬರುವುದಿಲ್ಲ.

ಹೋದ ತಿಂಗಳು ನನ್ನ ವುಡ್ ಎಲ್ಫ್ ತಂಡದ ವಾರ್‌ಡ್ಯಾನ್ಸರ್ ಸತ್ತ. ಎಷ್ಟೋ ರಾತ್ರಿ ದೀಪದ ಕೆಳಗೆ ಕೂತು, ಸಣ್ಣ ಕುಂಚದಲ್ಲಿ ಕೂದಲಿಗೆ ಕೆಂಪು, ಅದರ ಮೇಲೆ ಕಿತ್ತಳೆ ಹಚ್ಚಿ ಎಬ್ಬಿಸಿದ ಗೊಂಬೆ ಅದು. ಋತುವಿನ ಮೊದಲ ಪಂದ್ಯದಿಂದ ಇದ್ದವನು, ಕಟ್ಟಿಕೊಂಡ ಸಾಲುಗಳ ನಡುವೆ ನುಸುಳುವುದನ್ನು ಕಲಿತವನು. ಎದುರಿಗೆ ಡ್ವಾರ್ಫ್‌ಗಳ ತಂಡ. ನನ್ನವನು ಎಂಟು ಮನೆ ಓಡಬಲ್ಲ, ಅವರಲ್ಲಿ ಹೆಚ್ಚಿನವರು ನಾಲ್ಕೇ. ಆದರೂ ಮೂಲೆಗೆ ಸಿಕ್ಕಿಬಿದ್ದ. ಹೊಡೆತ ಬಿತ್ತು, ಕವಚ ಒಡೆಯಿತು. ಹದಿನಾರು ಮುಖದ ದಾಳದಲ್ಲಿ 15 ಅಥವಾ 16 ಬಿದ್ದರೆ ಸಾವು, 15 ಬಿತ್ತು. ತಂಡದ ವೈದ್ಯನಿಗೆ ಇನ್ನೊಮ್ಮೆ ಉರುಳಿಸುವ ಅವಕಾಶವಿದೆ. ಪಕ್ಕದ ಮೇಜಿನವರೂ ಎದ್ದು ಬಂದು ನಿಂತರು. ಮತ್ತೂ ಸಾವೇ.

ಎದುರಾಳಿ ಒಬ್ಬರು ನಿವೃತ್ತ ಬಸ್ ಚಾಲಕರು. ಅವರು ಗೊಂಬೆಯನ್ನು ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, "ಕೂದಲಿಗೆ ಎಷ್ಟು ಪದರ ಹಚ್ಚಿದಿರಿ?" ಎಂದು ಕೇಳಿದರು. ನಾನು ಹೇಳಿದೆ. ತಮ್ಮ ಡ್ವಾರ್ಫ್‌ಗಳ ಗಡ್ಡಕ್ಕೂ ಹಾಗೆಯೇ ಮಾಡಬೇಕೆಂದರು. ಉಳಿದ ಸರದಿಗಳನ್ನು ಆಡಿದೆವು, ನಾನು ಸೋತೆ. ಆ ಪ್ರಶ್ನೆಯನ್ನು ಕೇಳಲು ಬರುವ ಜನರಿಗಾಗಿಯೇ ನಾನು ಚಳಿಯಲ್ಲಿ ಹೊರಡುವುದು.

ಕಂಪನಿ ಈ ಆಟದ ಪೆಟ್ಟಿಗೆಯನ್ನು ತರುವುದನ್ನೇ ನಿಲ್ಲಿಸಿದ್ದ ವರ್ಷಗಳಿದ್ದವು. ಲೀಗ್‌ಗಳು ಮಾತ್ರ ನಿಲ್ಲಲಿಲ್ಲ. 2016ರಲ್ಲಿ ಹೊಸ ಪೆಟ್ಟಿಗೆ ಬಂದಾಗ ಅದನ್ನು ಕಾಯುತ್ತಿದ್ದವರಲ್ಲಿ ಹಳೆಯ ಸೀಸದ ಗೊಂಬೆಗಳನ್ನು ಇನ್ನೂ ಆಡಿಸುತ್ತಿದ್ದವರಿದ್ದರು. ತನ್ನ ತಂಡದಲ್ಲಿ ಯಾರು ಯಾವಾಗ ಬಿದ್ದ, ಯಾರು ಗೆಲ್ಲಿಸಿಕೊಟ್ಟ ಎಂಬುದು ನೆನಪಿರುವವರು ಅಷ್ಟು ಸುಲಭಕ್ಕೆ ಆಟ ಬಿಡುವುದಿಲ್ಲ.

ಇನ್ನೊಬ್ಬ ವಾರ್‌ಡ್ಯಾನ್ಸರ್‌ಗೆ 1,25,000 ಚಿನ್ನದ ನಾಣ್ಯ ಬೇಕು. ನನ್ನ ತಂಡದ ಬೊಕ್ಕಸದಲ್ಲಿ ಅಷ್ಟಿಲ್ಲ. ಸದ್ಯಕ್ಕೆ 70,000ಕ್ಕೆ ಸಾಮಾನ್ಯ ಆಟಗಾರನೊಬ್ಬನನ್ನು ತಂದಿದ್ದೇನೆ. ಅವನಿಗೆ ಹೊಸ ಹೆಸರನ್ನೇ ಇಟ್ಟಿದ್ದೇನೆ. ಮುಂದಿನ ಮಂಗಳವಾರ ಇಲಿಗಳ ತಂಡದ ಮೇಲೆ ಪಂದ್ಯ. ಅವುಗಳಲ್ಲಿ ಒಂಬತ್ತು ಮನೆ ಓಡುವವೂ ಇವೆ, ಆದ್ದರಿಂದ ಹಿಂದೆ ಇಬ್ಬರನ್ನು ಕಾವಲಿಗೆ ನಿಲ್ಲಿಸಿಯೇ ಆಡಬೇಕು.