ನೀರು, ದಾರಿ, ಸೌದೆ

ಹಾರ್ಡ್‌ವಿಕ್ ಹತ್ತಿರ, ವರ್ಮಾಂಟ್
ಅಕ್ಟೋಬರ್ 27, 2024

ಪ್ರೀತಿಯ ಅಕ್ಕಾ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವತ್ತು ನಕ್ಕು ಸುಮ್ಮನಾದೆ. ಶಿರಸಿಯ ಕಾಡು ಸಾಕೆಂದು ಓಡಿದವಳು ತಲೆ ನರೆಯುವ ಹೊತ್ತಿಗೆ ಯಾರದೋ ದೇಶದ ಕಾಡಿನಲ್ಲಿ ಮನೆ ಕೊಂಡೆಯಲ್ಲೇ, ಅದೂ ಒಂದು ಸಮುದ್ರದ ದಡದಿಂದ ಇನ್ನೊಂದು ಸಮುದ್ರದ ಹತ್ತಿರಕ್ಕೆ ಗಂಟುಮೂಟೆ ಹೊತ್ತು, ಅಂದೆ. ಇದಕ್ಕೆ ಫೋನಿನಲ್ಲಿ ಉತ್ತರ ಆಗದು. ಭಾವನಿಗೆ ಕಾಗದಪತ್ರದ ವಿಷಯವೂ ಬೇಕಲ್ಲ, ಅದನ್ನೂ ಬರೆಯುತ್ತೇನೆ, ಅವನಿಗೆ ಓದಿ ಹೇಳು.

ಕ್ಯಾಲಿಫೋರ್ನಿಯಾ ಬಿಡಿಸಿದ್ದು ಬೆಂಕಿ. ಕಾಡಿನ ಮನೆಯ ಆಸೆ ಇವರಿಗೆ ಹಳೆಯದು. ಸ್ಯಾನ್ ಹೋಸೆಗೆ ಹತ್ತಿರದ ಸ್ಯಾಂಟಾ ಕ್ರೂಜ್ ಬೆಟ್ಟಗಳಲ್ಲೇ ಹುಡುಕುತ್ತಿದ್ದೆವು. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ ಅಲ್ಲಿಯ ಬಿಗ್ ಬೇಸಿನ್ ರೆಡ್‌ವುಡ್ ಕಾಡನ್ನು ಸುಟ್ಟಿತು. ಸೆಪ್ಟೆಂಬರ್ 9ರಂದು ಹಗಲಿಗೇ ಆಕಾಶ ಕುಂಕುಮದ ಬಣ್ಣಕ್ಕೆ ತಿರುಗಿ ದೀಪ ಹಾಕಿಕೊಂಡು ಕೂತಿದ್ದೆವು, ನಿನಗೂ ವೀಡಿಯೋದಲ್ಲಿ ತೋರಿಸಿದ್ದೆ. ಆಮೇಲೆ ಆ ಬೆಟ್ಟಗಳಲ್ಲಿ ಮನೆ ಸಿಕ್ಕರೆ ವಿಮೆ ಸಿಗದು, ವಿಮೆ ಇಲ್ಲದೆ ಬ್ಯಾಂಕು ಸಾಲ ಕೊಡದು. ಇವರ ಕೆಲಸ ಎಲ್ಲಿ ಕೂತರೂ ನಡೆಯುವಂಥದ್ದು. ಹಾಗಾದರೆ ಮಳೆ ಬೀಳುವ ಕಡೆಗೇ ಹೋಗೋಣ ಅಂದೆ ನಾನು.

ದಾರಿಯ ವರ್ಣನೆ ಹೆಚ್ಚು ಬೇಡ. ಸಾಮಾನು ಲಾರಿಯಲ್ಲಿ, ನಾವು ಕಾರಿನಲ್ಲಿ, ಸುಮಾರು 5,000 ಕಿಲೋಮೀಟರ್. ಬಹುಪಾಲು ಐ-80 ಎಂಬ ಒಂದೇ ಹೆದ್ದಾರಿ. ಯೂಟಾದ ಬಾನ್‌ವಿಲ್ ಉಪ್ಪಿನ ಬಯಲು ನೋಡಿ ಕಣ್ಣು ಕುಕ್ಕಿತು. ವಯೋಮಿಂಗ್‌ನಲ್ಲಿ ಆ ಹೆದ್ದಾರಿಯ ಅತಿ ಎತ್ತರದ ಜಾಗ, 8,640 ಅಡಿ, ಅಲ್ಲಿ ಲಿಂಕನ್ನನ ದೊಡ್ಡ ಕಂಚಿನ ತಲೆಯೊಂದು ದಾರಿ ನೋಡುತ್ತಾ ಕೂತಿದೆ. ನೆಬ್ರಾಸ್ಕಾ ಮುಗಿಯುವುದೇ ಇಲ್ಲ. ರಾತ್ರಿ ಮೋಟೆಲಿನಲ್ಲಿ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು, ನೀನು ಕಳಿಸಿದ ಅಪ್ಪೆಮಿಡಿ ಮುಚ್ಚಳ ತೆಗೆದರೆ ಇಡೀ ಕೋಣೆ ನಮ್ಮನೆ ಪಣತವಾಗುತ್ತಿತ್ತು.

ಕರಿಬೇವಿನ ಗಿಡ ಮಾತ್ರ ತರಲಾಗಲಿಲ್ಲ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹಚ್ಚುವ ಒಂದು ಪುಟ್ಟ ಕೀಟ ಕರಿಬೇವಿನ ಮೇಲೂ ಕೂರುತ್ತದಂತೆ. ಅದಕ್ಕೇ ಅಲ್ಲಿಂದ ಗಿಡ ಸಾಗಿಸಲು ನಿರ್ಬಂಧ. ಹತ್ತು ವರ್ಷ ಕುಂಡದಲ್ಲಿ ಸಾಕಿದ್ದನ್ನು ಗೆಳತಿಯ ಕೈಗೆ ಕೊಟ್ಟು ಬಂದೆ. ಮನೆ ಬಿಟ್ಟದ್ದಕ್ಕಿಂತ ಅದಕ್ಕೇ ಹೆಚ್ಚು ಅತ್ತೆ ಅಂತ ಇವರು ಈಗಲೂ ಕಾಡುತ್ತಾರೆ.

ಇನ್ನು ಮನೆ. ಇಲ್ಲಿ ಕಾಡಿನಲ್ಲಿ ಮನೆ ಕೊಳ್ಳುವವರು ಮನೆಯನ್ನು ಕಡೆಗೆ ನೋಡಬೇಕು. ಮೊದಲು ನೀರು, ಆಮೇಲೆ ದಾರಿ, ಆಮೇಲೆ ಸೌದೆ. ಪೇಟೆಯಿಂದ ಬಂದವರು ಕಿಟಕಿಯಿಂದ ಏನು ಕಾಣುತ್ತದೆ ಅಂತ ಕೇಳುತ್ತಾರಂತೆ; ನಾನು ಬಾವಿ ಎಲ್ಲಿ ಅಂತ ಕೇಳಿದಾಗ ಏಜೆಂಟ್ ಹೆಂಗಸು ಒಮ್ಮೆ ತಿರುಗಿ ನೋಡಿದಳು. ನಲ್ಲಿ ಇಲ್ಲ, ಚರಂಡಿ ಇಲ್ಲ, ಎಲ್ಲ ನಮ್ಮ ನೆಲದಲ್ಲೇ ಆಗಬೇಕು. ಬಚ್ಚಲು, ಪಾಯಿಖಾನೆಯ ನೀರು ಇಂಗುವ ಗುಂಡಿಯ ಮುಚ್ಚಳ ತೆಗೆಸಿ, ಪರೀಕ್ಷೆ ಮಾಡಿಸಿಯೇ ವ್ಯಾಪಾರ.

ನಮಗೆ ಮನಸ್ಸಾಗಿದ್ದ ಇನ್ನೊಂದು ಹಳೆಯ ಮನೆಯ ಕಥೆ ಹೇಳುತ್ತೇನೆ, ನಿನಗೆ ಇಷ್ಟವಾಗುತ್ತದೆ. ಅದಕ್ಕೆ ಬಾವಿಯೇ ಇರಲಿಲ್ಲ. ಮೇಲಿನ ಗುಡ್ಡದ ಒರತೆಯಿಂದ ಕೊಳವೆಯಲ್ಲಿ ತಾನಾಗಿ ಇಳಿದು ಬರುವ ನೀರು, ಥೇಟ್ ನಮ್ಮ ಅಬ್ಬಿ ನೀರು. ಅಜ್ಜ ಅಡಿಕೆ ದಬ್ಬೆಯಲ್ಲಿ ತರುತ್ತಿದ್ದ, ಇಲ್ಲಿಯವರು ಪೈಪಿನಲ್ಲಿ ತಂದಿದ್ದಾರೆ, ಅಷ್ಟೇ. ಆದರೆ ಒರತೆ ಇರುವುದು ಪಕ್ಕದವರ ಜಾಗದಲ್ಲಿ. ಅಲ್ಲಿಂದ ನೀರು ತರುವ ಹಕ್ಕು ಹಳೆಯ ಕ್ರಯಪತ್ರದಲ್ಲಿದೆ, ಕೊಳವೆ ಒಡೆದರೆ ರಿಪೇರಿ ಯಾರದು ಅನ್ನುವುದು ಮಾತ್ರ ಇಲ್ಲ. ವಕೀಲ ಬೇಡ ಅಂದ. ನಮ್ಮೂರಲ್ಲಿ ಅಬ್ಬಿ ನೀರಿನ ಸರದಿಗೆ ಎರಡು ಮನೆಯವರು ಮಾತು ಬಿಟ್ಟದ್ದು ನೆನಪಾಗಿ ನಾನೂ ತಲೆಯಾಡಿಸಿದೆ. ಈಗಿನ ನಮ್ಮ ಮನೆಗೆ ಬಂಡೆ ಕೊರೆದ ಬೋರ್‌ವೆಲ್. ನಿಮಿಷಕ್ಕೆ ಎಷ್ಟು ಗ್ಯಾಲನ್ ಬರುತ್ತದೆಂದು ಅಳೆಸಿ, ಬ್ಯಾಕ್ಟೀರಿಯಾ, ಆರ್ಸೆನಿಕ್ ಇದೆಯೇ ಎಂದು ನೀರು ಪರೀಕ್ಷೆಗೆ ಕಳಿಸಿ, ವರದಿ ಬಂದ ಮೇಲೇ ಸಹಿ ಹಾಕಿದ್ದು.

ಭಾವನಿಗೆ: ಇಲ್ಲಿ ಜಮೀನಿನ ದಾಖಲೆ ಜಿಲ್ಲೆಯಲ್ಲಿಲ್ಲ, ಊರಿನ ಟೌನ್ ಕ್ಲರ್ಕ್ ಕಚೇರಿಯಲ್ಲಿ. ದಪ್ಪ ಬಾಗಿಲಿನ ಸಣ್ಣ ಕೋಣೆಯೊಳಗೆ ದೊಡ್ಡ ದೊಡ್ಡ ಪುಸ್ತಕ, ಯಾರು ಬೇಕಾದರೂ ಕೂತು ಓದಬಹುದು. ಪಹಣಿಗಾಗಿ ಅಲೆದವನಿಗೆ ಇದು ಸ್ವರ್ಗವೇ. ಇನ್ನೊಂದು ಅವನಿಗೆ ಕುತೂಹಲ ಹುಟ್ಟಿಸುವ ಸಂಗತಿ. ಕನಿಷ್ಠ 25 ಎಕರೆ ಕಾಡನ್ನು ಕಾಡಾಗಿಯೇ ಇಟ್ಟು, ಸರ್ಕಾರದ ಫಾರೆಸ್ಟರ್ ಒಪ್ಪಿದ ಯೋಜನೆಯಂತೆ ಮರ ಕಡಿದು, ಬೆಳೆಸಿ ನಡೆಸಿಕೊಂಡರೆ ತೆರಿಗೆ ಬಹಳ ಇಳಿಯುತ್ತದೆ. ಅಲ್ಲಿ ಕಟ್ಟಡ ಎಬ್ಬಿಸಿದರೆ ದಂಡದ ತೆರಿಗೆ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ನೆಲ ಸರ್ಕಾರದ್ದು, ಸೊಪ್ಪು ನಮ್ಮದು. ಇಲ್ಲಿ ನೆಲ ನಮ್ಮದು, ಮಾತು ಕೊಡುವುದು ಸರ್ಕಾರಕ್ಕೆ. ಯಾವುದು ವಾಸಿ ಅಂತ ಭಾವನೇ ಹೇಳಲಿ. ನಮ್ಮದು 31 ಎಕರೆ, ಹಿಂದಿನವರು ಮಾಡಿಟ್ಟ ಯೋಜನೆಯನ್ನೇ ಮುಂದುವರಿಸುತ್ತಿದ್ದೇವೆ.

ಕಾಡು ಅಂದೆನಲ್ಲ, ಅದು ನಮ್ಮ ದೇವರಕಾಡಿನಂಥದ್ದಲ್ಲ. ಮನೆಯ ಹಿಂದೆ ಮೇಪಲ್, ಬರ್ಚ್ ಮರಗಳ ನಡುವೆ ನಡೆದರೆ ಮೊಣಕಾಲೆತ್ತರದ ಕಲ್ಲಿನ ಪಾಗಾರ ಅಡ್ಡ ಬರುತ್ತದೆ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ, ಮೇಲೆ ಪಾಚಿ, ಕಲ್ಲುಗಳ ಸಂದಿನಲ್ಲಿ ತೋಳಿನಷ್ಟು ದಪ್ಪದ ಬೇರು. ಕಾಡಿನ ನಡುವೆ ಯಾರು ಬೇಲಿ ಹಾಕಿದರು ಅಂದರೆ, ಇದೆಲ್ಲ ಒಂದು ಕಾಲಕ್ಕೆ ಬೋಳು ಹುಲ್ಲುಗಾವಲು. 1811ರಲ್ಲಿ ವಿಲಿಯಂ ಜಾರ್ವಿಸ್ ಎಂಬಾತ ಐರೋಪ್ಯ ಮೆರಿನೊ ಕುರಿಗಳನ್ನು ತಂದ. 1840ರ ಹೊತ್ತಿಗೆ ಈ ಸಣ್ಣ ರಾಜ್ಯದಲ್ಲಿ 16 ಲಕ್ಷಕ್ಕೂ ಹೆಚ್ಚು ಕುರಿ, ಮನುಷ್ಯರು 3 ಲಕ್ಷವೂ ಇಲ್ಲ. ಆಮೇಲೆ ಉಣ್ಣೆಯ ಬೆಲೆ ಬಿತ್ತು, ಜನ ಪಶ್ಚಿಮದ ಒಳ್ಳೆಯ ನೆಲ ಹುಡುಕಿಕೊಂಡು ಹೊರಟರು, ಬಿಟ್ಟ ಬಯಲಿನಲ್ಲಿ ಮರ ತಾನಾಗಿ ಎದ್ದಿತು. ಈಗ ರಾಜ್ಯದ ಮುಕ್ಕಾಲು ಪಾಲು ಕಾಡೇ. ಅವರು ಹೋದ ದಿಕ್ಕಿನಿಂದಲೇ ನಾವು ವಾಪಸು ಬಂದಿದ್ದೇವೆ.

ದಾರಿಯ ವಿಷಯ ಹೇಳುವುದೇ ಉಳಿಯಿತು. ಇಲ್ಲಿ ರಸ್ತೆಗಳಿಗೆ ದರ್ಜೆ ಇದೆ. ನಾಲ್ಕನೇ ದರ್ಜೆಯ ರಸ್ತೆಯಲ್ಲಿ ಮನೆ ಇದ್ದರೆ ಹಿಮ ತೆಗೆಯುವ ಹೊಣೆ ಊರಿನದಲ್ಲ. ಅಂಥ ಮನೆಗಳು ಅಗ್ಗ, ಚಳಿಗಾಲದಲ್ಲಿ ಯಾಕೆ ಅಗ್ಗ ಅಂತ ತಿಳಿಯುತ್ತದಂತೆ. ನಮ್ಮದು ಮೂರನೇ ದರ್ಜೆ, ಮಣ್ಣಿನದೇ ಆದರೂ ಊರಿನ ಲಾರಿ ಬರುತ್ತದೆ. ರಸ್ತೆಯಿಂದ ಮನೆಯವರೆಗಿನದು ಮಾತ್ರ ನಮ್ಮದು. ಆಚೆಮನೆಯ ಮುದುಕ ಟ್ರ್ಯಾಕ್ಟರಿನಲ್ಲಿ ಹಿಮ ತಳ್ಳಿಕೊಡಲು ಒಪ್ಪಿದ್ದಾನೆ. ಅವನು ಮೊದಲು ಮಾಡಿದ ಕೆಲಸ ನಮ್ಮ ದಾರಿಯ ಮೋರಿಗೆ ಟಾರ್ಚ್ ಬಿಟ್ಟು ಬಗ್ಗಿ ನೋಡಿದ್ದು. 2023ರ ಜುಲೈನಲ್ಲಿ ಕೆಳಗಿನ ಲಮೊಯ್ಲ್ ಹೊಳೆ ಪೇಟೆಗೆ ನುಗ್ಗಿತ್ತು, ಸರಿಯಾಗಿ ಒಂದು ವರ್ಷಕ್ಕೆ ರಾಜ್ಯದಲ್ಲಿ ಮತ್ತೆ ನೆರೆ. ನಾವು ಗುಡ್ಡದ ಮೇಲಿದ್ದೇವೆ, ಹೊಳೆಯ ಭಯವಿಲ್ಲ, ಮೋರಿ ಕಟ್ಟಿಕೊಂಡರೆ ದಾರಿಯೇ ತೊಳೆದು ಹೋಗುತ್ತದೆ. ಬೆಂಕಿಗೆ ಹೆದರಿ ಬಂದವರು ಮೋರಿಯ ಎಲೆ ತೆಗೆಯುತ್ತಿದ್ದೇವೆ.

ಅವನದೇ ಇನ್ನೊಂದು ಪ್ರಶ್ನೆ: ಜಾಗಕ್ಕೆ ಬೋರ್ಡು ಹಾಕುತ್ತೀರಾ? ಬೋರ್ಡು ಹಾಕದ, ಬೇಲಿ ಕಟ್ಟದ ಜಾಗದಲ್ಲಿ ಬೇಟೆಯಾಡುವ ಹಕ್ಕು ಈ ರಾಜ್ಯದ ಸಂವಿಧಾನದಲ್ಲೇ ಇದೆ. ಬೇಡವೆಂದರೆ ವರ್ಷವರ್ಷ 5 ಡಾಲರ್ ಕಟ್ಟಿ ನೋಂದಾಯಿಸಿ, ಗಡಿಯುದ್ದಕ್ಕೂ ತಾರೀಖು ಬರೆದ ಬೋರ್ಡು ಹೊಡೆಯಬೇಕು. ನವೆಂಬರ್ ಮಧ್ಯದಿಂದ 16 ದಿನ ಬಂದೂಕಿನ ಜಿಂಕೆ ಬೇಟೆ. ನನಗೆ ಮನಸ್ಸು ಒಪ್ಪುವುದಿಲ್ಲ, ನಿನಗೆ ಗೊತ್ತು. ಆದರೆ ಆ ಮುದುಕನ ಮನೆಯವರು ತಲೆಮಾರುಗಳಿಂದ ಇಲ್ಲಿ ಬೇಟೆಯಾಡಿದವರು, ಚಳಿಗಾಲದ ಮಾಂಸ ಅದೇ. ಬಂದ ವರ್ಷವೇ ಬೋರ್ಡು ಹೊಡೆಯುವುದು ಬೇಡ ಎಂದು ತೀರ್ಮಾನಿಸಿದೆವು. ಆ ದಿನಗಳಲ್ಲಿ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡೇ ಹೊರಗೆ ಹೋಗುತ್ತೇನೆ.

ಸೌದೆ ನಾಲ್ಕು ಕಾರ್ಡ್ ಒಟ್ಟಿದ್ದೇವೆ. ಒಂದು ಕಾರ್ಡ್ ಎಂದರೆ ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದ. ಹಸಿ ಸೌದೆ ಉರಿಸಿದರೆ ಚಿಮಣಿಯೊಳಗೆ ಡಾಂಬರಿನಂಥ ಮಸಿ ಕಟ್ಟಿ ಅದಕ್ಕೇ ಬೆಂಕಿ ಹತ್ತುತ್ತದೆ, ಆದ್ದರಿಂದ ಮುಂದಿನ ವರ್ಷದ್ದನ್ನು ಈ ವರ್ಷವೇ ಒಡೆದು ಒಣಗಿಸಬೇಕು. ಒಟ್ಟುವ ಕೆಲಸ ನಾನೇ ಮಾಡಿದೆ. ಮಳೆಗಾಲಕ್ಕೆ ಮೊದಲು ಆಯಿ ಮಾಡಿಸುತ್ತಿದ್ದ ಹಾಗೇ, ಮೂಲೆಗೆ ಅಡ್ಡಡ್ಡ ಇಟ್ಟು, ಸಿಪ್ಪೆ ಮೇಲೆ ಮಾಡಿ. ಇವರು ಪುಸ್ತಕ ಓದಿ ಒಟ್ಟಿದ ಸಾಲು ಮರುದಿನವೇ ಉರುಳಿತು!

ನೀನೂ ಭಾವನೂ ಬರುವುದಾದರೆ ಏಪ್ರಿಲ್ ಬೇಡ, ಹಿಮ ಕರಗಿ ರಸ್ತೆ ಗದ್ದೆಯಾಗಿರುತ್ತದೆ. ಮೇ ತಿಂಗಳು ಕಪ್ಪು ನೊಣ. ಮಾರ್ಚ್‌ನಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವಾಗ ಮೇಪಲ್ ರಸ ಇಳಿಸುತ್ತಾರೆ, 40 ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಪಾಕ, ಆಲೆಮನೆ ಕಂಡವರು ನೋಡಲೇಬೇಕು. ಆದರೆ ಭಾವನಿಗೆ ಆ ಚಳಿ ತಡೆಯದು. ಸೆಪ್ಟೆಂಬರ್ ಕೊನೆಗೆ ಬನ್ನಿ. ವೀಸಾಕ್ಕೆ ಆಮಂತ್ರಣ ಪತ್ರ ಬೇಕಿದ್ದರೆ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಕಳಿಸು. ಬರುವಾಗ ವಾಟೆಪುಡಿ ಮರೆಯಬೇಡ, ಇಲ್ಲಿ ಸಾರಿಗೆ ನಿಂಬೆಹಣ್ಣೇ ಗತಿ.

ನಿನ್ನ ತಂಗಿ