ವಾಲಿ ನಿಲ್ಲುವ ಸುಖ

ಎಂಜಿನ್ ಬಗ್ಗೆ, ಮೈಲೇಜ್ ಬಗ್ಗೆ ಮಾತಾಡುವವರು ಊರ ತುಂಬ ಸಿಗುತ್ತಾರೆ. ಸೈಡ್ ಸ್ಟ್ಯಾಂಡಿನ ಮಾತೆತ್ತಿದರೆ ಮಾತ್ರ ಹೊಸಪೇಟೆಯ ನನ್ನ ಗೆಳೆಯರು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಏಳಲಿ. ಈ ಸೀಮೆಯ ನೆಲದ ಗುಣ ಟೈರಿಗಿಂತ ಚೆನ್ನಾಗಿ ಗೊತ್ತಿರುವುದು ಆ ಒಂಟಿ ಕಾಲಿಗೇ.

ಬೇಸಿಗೆಯಲ್ಲಿ ಹೊಸಪೇಟೆಯ ಡಾಂಬರು ಮೆತ್ತಗಾಗಿ ಸ್ಟ್ಯಾಂಡಿನ ತುದಿ ಒಳಗಿಳಿಯುತ್ತದೆ. ಕಂಪ್ಲಿ ಕಡೆ ಭತ್ತದ ಗದ್ದೆಗಳು. ಕಾಲುವೆ ಏರಿಯ ಹಸಿ ಮಣ್ಣು ಆ ತುದಿಯನ್ನು ಸದ್ದಿಲ್ಲದೆ ನುಂಗುತ್ತದೆ. ಹಂಪಿಯಲ್ಲಿ ಬಂಡೆಯೇ ನೆಲ, ಹೂತುಹೋಗುವ ಭಯವಿಲ್ಲ, ಆದರೆ ಅಂಗೈಯಗಲ ಸಮತಟ್ಟು ಜಾಗ ಹುಡುಕಬೇಕು. ಸಂಡೂರಿನ ಕಥೆಯೇ ಬೇರೆ. ಅದಿರಿನ ಕೆಂಪು ಧೂಳು ಗ್ರೀಸಿನಲ್ಲಿ ಕಲೆತು ಬೋಲ್ಟನ್ನು ಅರೆಯತೊಡಗುತ್ತದೆ. ತೂತು ಅಗಲವಾಗಿ, ಸ್ಟ್ಯಾಂಡ್ ಲಡಲಡ ಅಂದು, ಗಾಡಿ ದಿನೇ ದಿನೇ ಒಂದೆಳೆ ಹೆಚ್ಚು ವಾಲುತ್ತದೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಧೂಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಗಟ್ಟಿ ಸ್ಟ್ಯಾಂಡ್ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೋದಾಗ ಮೂಲೆಯಲ್ಲಿ ಲಾರಿಯ ಹಳೇ ಕಮಾನ್ ಪಟ್ಟಿಗಳು ಬಿದ್ದಿದ್ದವು. ಅವು ನಡೆಯುತ್ತವೆಯೇ ಎಂದು ವೆಲ್ಡರ್‌ನನ್ನು ಕೇಳಿದೆ.

"ಬ್ಯಾಡ್ರಿ ಸರ. ಕಮಾನ್ ಪಟ್ಟಿಗೆ ವೆಲ್ಡಿಂಗ್ ಹೊಡದ್ರ ಅದರ ಮಗ್ಗಲದಾಗ ಬಿರೀತೈತಿ. ಸಾದಾ ಕಬ್ಬಣದ ಸರಳ ಹಾಕೂಣು."

ಸರಿಯಾದ ಮಾತು. ಇಂಗಾಲ ಹೆಚ್ಚಿರುವ ಉಕ್ಕು ಬೆಸುಗೆಯ ಕಾವು ತಿಂದು ಬೇಗ ತಣಿದರೆ ಪೆಡಸಾಗುತ್ತದೆ. ತುಸು ಬಾಗಬಲ್ಲ ಮೆದು ಕಬ್ಬಿಣವೇ ಇಲ್ಲಿ ಹೆಚ್ಚು ಬಾಳಿಕೆಯದು. ಸ್ಟ್ಯಾಂಡನ್ನು ಗಾಡಿಯಿಂದ ಕಳಚಿಯೇ ಬೆಸುಗೆ ಹಾಕುವ ಅವನ ಶಿಸ್ತೂ ನನಗೆ ಹಿಡಿಸಿತು. ಬ್ಯಾಟರಿ, ವೈರುಗಳ ತಂಟೆಯೇ ಇಲ್ಲ.

ದಪ್ಪಕ್ಕಿಂತ ಉದ್ದದ ಲೆಕ್ಕ ಕಷ್ಟದ್ದು. ಉದ್ದ ಹೆಚ್ಚಾದರೆ ಗಾಡಿ ನೆಟ್ಟಗೆ ನಿಂತು, ಯಾರೋ ತಾಗಿದರೂ ಬಲಕ್ಕೆ ಉರುಳುತ್ತದೆ. ಕಡಿಮೆಯಾದರೆ ಭಾರವೆಲ್ಲ ಬೋಲ್ಟಿನ ಮೇಲೆ. ಕೆಳಗೆ ಬೆಸೆಯುವ ಅಗಲ ಪಾದದ ದಪ್ಪವನ್ನೂ ಸರಳಿನ ಉದ್ದದಲ್ಲಿ ಕಳೆಯಬೇಕು. ಆತ ಮೊದಲು ಒಂದೇ ಟಾಕಿ ಹೊಡೆದು, ಗಾಡಿಗೆ ಸಿಕ್ಕಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಬಿಚ್ಚಿದ, ಬೆರಳಗಲಕ್ಕಿಂತ ಕಡಿಮೆ ಕೊಯ್ದ, ಮತ್ತೆ ನಿಲ್ಲಿಸಿದ. ಪಾದ ನೆಲಕ್ಕೆ ಪೂರ್ತಿ ಕೂತಿತು. ಟೇಪು ಹೊರಗೆ ಬರಲೇ ಇಲ್ಲ.

ಉಳಿದದ್ದು ಸ್ಪ್ರಿಂಗ್. ಎಲ್ಲರೂ ಬೈದುಕೊಂಡು ಮಾಡುವ ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅದರ ಜಾಣತನ ನೋಡಿ: ಸ್ಟ್ಯಾಂಡ್ ನಡುದಾರಿಯಲ್ಲಿದ್ದಾಗ ಅದು ಅತಿ ಹೆಚ್ಚು ಹಿಗ್ಗಿರುತ್ತದೆ. ಬೋಲ್ಟಿನ ನೇರವನ್ನು ಆಚೆ ದಾಟಿದರೆ ಆಚೆಗೆ ಎಳೆಯುತ್ತದೆ, ಈಚೆ ದಾಟಿದರೆ ಈಚೆಗೆ. ಮಡಚಿದ್ದನ್ನು ಮೇಲೆ, ಬಿಚ್ಚಿದ್ದನ್ನು ಕೆಳಗೆ ಹಿಡಿಯುವುದು ಅದೊಂದೇ. ಕೈಬಲದಿಂದ ಎಳೆದು ಕೂರಿಸಲು ಹೋದರೆ ಗೆಣ್ಣು ಕೀಳುತ್ತದೆ. ಸ್ಪ್ರಿಂಗನ್ನು ಪಕ್ಕಕ್ಕೆ ಬಾಗಿಸಿ, ಬಾಯಿಬಿಟ್ಟ ಸುರುಳಿಗಳ ಸಂದಿಗೆ ನಾಣ್ಯ ತುರುಕುತ್ತ ಹೋಗಬೇಕು. 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆಗಳಿಗೆ ನನ್ನ ಡಬ್ಬಿಯಲ್ಲಿ ಈಗಲೂ ಮರ್ಯಾದೆಯಿದೆ. ಸ್ಪ್ರಿಂಗ್ ಉದ್ದವಾಗಿ ಸಲೀಸಾಗಿ ಕೊಕ್ಕೆಗೆ ಬೀಳುತ್ತದೆ. ಆಮೇಲೆ ಸ್ಟ್ಯಾಂಡ್ ಒದ್ದರೆ ನಾಣ್ಯಗಳು ಠಣಠಣ ಉದುರುತ್ತವೆ.

"ಇಷ್ಟೆಲ್ಲ ಯಾಕಲೇ, ಡಬಲ್ ಸ್ಟ್ಯಾಂಡ್ ಹಾಕಬಾರದೇನು?" ಎನ್ನುತ್ತಾನೆ ಗೆಳೆಯ. ಹಾಗನ್ನುವಾಗ ಅವನು ಕೂತಿರುವುದು ನನ್ನ ಗಾಡಿಯ ಸೀಟಿನ ಮೇಲೆ, ಅಡ್ಡಕ್ಕೆ, ಎರಡೂ ಕಾಲು ಇಳಿಬಿಟ್ಟುಕೊಂಡು.