ಸ್ಲ್ಯಾಬಿಗೂ ಬಾಣಂತನ ಬೇಕು

ಮನೆ ಕಟ್ಟಿಸುವುದು ಗಂಡಸರ ಕೆಲಸ, ಸಿಮೆಂಟಿನ ಗೊಡವೆ ನಮಗೇಕೆ ಎನ್ನುವಿರಾ ಸೋದರಿಯರೇ? ಸ್ಲ್ಯಾಬ್ ಹಾಕಿದ ದಿನ ಕಾಯಿ ಒಡೆದು, ಕೆಲಸದವರಿಗೆ ಹೋಳಿಗೆ ಊಟ ಹಾಕಿದ್ದಾಯಿತೆಂದರೆ ಗೌಂಡಿ ಮುಂದಿನ ಊರಿಗೆ ಹೊರಟ. ನಮ್ಮ ಯಜಮಾನರುಗಳು ಹೊಲಕ್ಕೋ ಸಂತೆಗೋ ಹೊರಟರು. ಆಮೇಲೆ ಕೊಡ ಹೊತ್ತು ಏಣಿ ಹತ್ತುವವರು ಯಾರು? ನಾವೇ ಅಲ್ಲವೇ! ಹಾಗಿದ್ದ ಮೇಲೆ ಏಕೆ, ಎಷ್ಟು ದಿನ ಎಂಬುದೂ ನಮಗೆ ಗೊತ್ತಿರಲಿ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹೊಳೆದಂಡೆಯಲ್ಲಿ ಮಣ್ಣಿನ ಮನೆಗಳು ನೆನೆದು ಕುಸಿದವು. ರಾಮದುರ್ಗದ ಕಡೆ ಕೊಟ್ಟ ನನ್ನ ತಂಗಿಯ ಮನೆಯೂ ಅವುಗಳಲ್ಲೊಂದು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಅದು ಸಾಲದೆ ಅವಳ ಬೋರಮಾಳವೂ ಹೋಯಿತು. ಈ ಮನೆ ಕೆಟ್ಟರೆ ಇನ್ನೊಮ್ಮೆ ಕಟ್ಟಿಸುವ ಶಕ್ತಿ ಅವರಿಗಿರಲಿಲ್ಲ. 2021ರ ಮಾರ್ಚಿನಲ್ಲಿ ಸ್ಲ್ಯಾಬ್ ಹಾಕಿದಾಗ ನಾನು ಹದಿನೈದು ದಿನ ಅಲ್ಲೇ ಉಳಿದೆ.

ಅವಳ ಅತ್ತೆಗೆ ಮೊದಲ ದಿನವೇ ಗಾಬರಿ. "ಮಾಳಿಗಿ ಮ್ಯಾಲೆ ಯಾರರೆ ನೀರ ನಿಲ್ಲಸ್ತಾರೇನ?" ಅವರ ಮಾತೂ ಸುಳ್ಳಲ್ಲ. ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆಗೆ ನೀರೇ ವೈರಿ. ಕಾಂಕ್ರೀಟಿನ ಗುಣ ಬೇರೆ. ಅದು ಹಪ್ಪಳದಂತೆ ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ಕೂಡಿ ಬೇರೆಯೇ ಪದಾರ್ಥವಾಗಿ ಖಡಿ, ಉಸುಕನ್ನು ಬಿಗಿದು ಹಿಡಿಯುತ್ತದೆ. ನೀರು ಆರಿತೋ, ಆ ಕೆಲಸ ಅರ್ಧಕ್ಕೇ ನಿಂತಿತು. ಮೇಲೆ ಕಲ್ಲಿನಂತೆ ಕಂಡರೂ ಒಳಗೆ ಬಲ ಬಂದಿರುವುದಿಲ್ಲ.

ಹಾಗೆಂದು ಕಲಸುವಾಗಲೇ ಸಾರಿನಂತೆ ನೀರು ಸುರಿದರೆ ಬಲ ಕುಗ್ಗುತ್ತದೆ. ಮನೆಗಳಿಗೆ ಹಾಕುವ ಎಂ20 ಕಾಂಕ್ರೀಟಿಗೆ 50 ಕಿಲೋ ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಕೂಡದು. ಧಾರಾಳವಾಗಿ ಬೇಕಾದ್ದು ಬಿಗಿದ ಮೇಲೆ.

ಬಲವಾದರೂ ಒಮ್ಮೆಲೇ ಬರುವುದಿಲ್ಲ. ಸಾದಾ ಸಿಮೆಂಟಾದರೆ ಮೂರು ದಿನಕ್ಕೆ ಸುಮಾರು ಶೇ. 40, ಏಳು ದಿನಕ್ಕೆ ಮೂರರಲ್ಲಿ ಎರಡು ಪಾಲು, ಹದಿನಾಲ್ಕಕ್ಕೆ ಶೇ. 90. ಇಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವುದು 28ನೆಯ ದಿನದ ಬಲವನ್ನು. ಆಮೇಲೂ ಅದು ಮೆಲ್ಲಗೆ ಏರುತ್ತಲೇ ಇರುತ್ತದಂತೆ! ನೀರುಣಿಸುವುದು ಕನಿಷ್ಠ 7 ದಿನ, ನಮ್ಮ ಕಡೆಯ ಬಿಸಿಲು ಗಾಳಿಗೆ 10 ದಿನ. ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಅದು ಹಾರುಬೂದಿ ಬೆರೆತ ಸಿಮೆಂಟು. ನಿಧಾನವಾಗಿ ಬಲಿಯುವುದರಿಂದ 14 ದಿನ ಉಣಿಸುವುದು ಒಳ್ಳೆಯದು.

ಸ್ಲ್ಯಾಬಿನ ಮೇಲೆ ಹೊಲದ ಮಡಿಯಂತೆ ಸಣ್ಣ ಸಣ್ಣ ಒಡ್ಡು ಕಟ್ಟಿ ಎರಡು ಬೆರಳು ನೀರು ನಿಲ್ಲಿಸಿದೆವು. ದಿನಕ್ಕೆರಡು ಸಲ ಕೊಡ ಸುರಿದು ಇಳಿದರೆ ಮಧ್ಯಾಹ್ನದ ಬಿಸಿಲಿಗೆ ಒಣಗಿಬಿಡುತ್ತದೆ. ಕಂಬಗಳಿಗೆ ಗೋಣಿತಟ್ಟು ಸುತ್ತಿ ಸದಾ ಹಸಿಯಾಗಿಡಬೇಕು. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟರೂ ಒಬ್ಬರನ್ನು ಮನೆಯಲ್ಲಿ ಬಿಟ್ಟು ಹೋಗಿ, ತಾಯಿ ಮುನಿಯುವುದಿಲ್ಲ.

ಎಂಟನೆಯ ದಿನ ಸೆಂಟ್ರಿಂಗಿನವನು ಬಂದ. "ಅಕ್ಕಾರ, ಕಲ್ಲಾದಂಗ ಆಗೇತ್ರಿ, ಪ್ಲೇಟ ಬಿಚ್ಚತೇವ್ರಿ" ಎಂದ. ಬೇರೆ ಕಡೆ ಅವನಿಗೆ ಬಾಡಿಗೆ ಕಾದಿತ್ತು. ಸಾದಾ ಸಿಮೆಂಟಿನ ಸ್ಲ್ಯಾಬಿಗೆ ಗೋಡೆಯಿಂದ ಗೋಡೆಗೆ ಹದಿನೈದು ಅಡಿಯೊಳಗಿದ್ದರೆ ಆಸರೆಯ ಕಂಬಗಳು 7 ದಿನ, ಮೀರಿದರೆ 14 ದಿನ ಇರಬೇಕೆಂಬುದು ನಿಯಮ. ತೊಲೆಗಳಿಗೆ 14ರಿಂದ 21 ದಿನ. ತಂಗಿಯದು ಪಿಪಿಸಿ, ಕೋಣೆಯೂ ದೊಡ್ಡದು. "ತಮ್ಮಾ, ಹದಿನಾಲ್ಕು ತುಂಬಲಿ" ಎಂದು ಬಾಗಿಲಲ್ಲೇ ನಿಂತೆ. ಹೆಚ್ಚಿನ ಬಾಡಿಗೆ ಬಿದ್ದಿತೆಂದು ತಂಗಿಯ ಗಂಡ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ, ತಲೆಯ ಮೇಲಿನ ಸೂರಿಗಿಂತ ಬಾಡಿಗೆ ದೊಡ್ಡದೇ?

ಆಸರೆ ಬಿಚ್ಚಿದರೂ 28 ದಿನ ತುಂಬುವ ತನಕ ಇಟ್ಟಿಗೆಯ ರಾಶಿ, ನೀರಿನ ಟಾಕಿ ಮೇಲೇರಿಸಬೇಡಿ. ಸ್ಲ್ಯಾಬ್ ಹಾಕಿದ ತಾರೀಖನ್ನು ಅಂದೇ ಇದ್ದಲಿಯಿಂದ ಗೋಡೆಯ ಮೇಲೆ ಬರೆದಿಡಿ. ಬಿಚ್ಚಲು ಬಂದವರ ಸಂಗಡ ದಿನದ ಲೆಕ್ಕಕ್ಕೆ ಜಗಳವಾಡುವುದು ತಪ್ಪುತ್ತದೆ.